ನವಿಲುಗರಿ ಮರಿ ಹಾಕಲಿಲ್ಲ, ಕಾಡುಬಸಳೆ ಹಾಕಿತು

ಮೂರನೇ ಕ್ಲಾಸಿನಲ್ಲಿ ನನ್ನ ಪಟ್ಟಿಯೊಳಗೆ ಒಂದು ನವಿಲುಗರಿ ಇತ್ತು. ಪಕ್ಕದಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆ ಇಟ್ಟರೆ ಮರಿ ಹಾಕುತ್ತೆ ಅಂತ ಯಾರೋ ಹೇಳಿದ್ದರು. ನೀವೂ ಇಟ್ಟಿರುತ್ತೀರಿ, ಸುಳ್ಳು ಹೇಳಬೇಡಿ :) ದಿನಾ ತೆಗೆದು ನೋಡಬಾರದು, ನೋಡಿದರೆ ಮರಿ ಹಾಕಲ್ಲ ಅನ್ನೋ ಷರತ್ತು ಬೇರೆ. ಇಡೀ ವರ್ಷ ಕಾದರೂ ಅದು ಮರಿ ಹಾಕಲಿಲ್ಲ.

ಅದೇ ವರ್ಷ ಅಮ್ಮಮ್ಮನ ಮನೆಗೆ ಹೋದಾಗ ಈ ಘೋರ ಅನ್ಯಾಯವನ್ನು ಹೇಳಿಕೊಂಡೆ. ಅಮ್ಮಮ್ಮ ನಗಲಿಲ್ಲ. ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬಾವಿಕಟ್ಟೆಯ ಪಕ್ಕದ ಗಿಡದಿಂದ ದಪ್ಪನೆಯ ಎಲೆಯೊಂದನ್ನು ಮುರಿದು ಕೊಟ್ಟಳು. "ಅಪ್ಪಿ, ಇದ್ನ ಪುಸ್ತಕದಲ್ಲಿ ಇಡು. ಮಣ್ಣೂ ಬ್ಯಾಡ, ನೀರೂ ಬ್ಯಾಡ." ನಾನು ನಂಬಲಿಲ್ಲ. ಒಂದು ಸಲ ಮೋಸ ಹೋದವನು ತಾನೆ! ಆದರೂ ಇಟ್ಟೆ. ಹತ್ತು ಹನ್ನೆರಡು ದಿನ ಕಳೆದು ತೆಗೆದು ನೋಡಿದರೆ ಎಲೆಯ ಅಂಚಿನ ಕಚ್ಚುಗಳಿಂದ ಬಿಳೀ ದಾರದಂಥ ಬೇರು, ಅದರ ಪಕ್ಕದಲ್ಲೇ ಸಾಸಿವೆ ಗಾತ್ರದ ಎರಡೆರಡು ಎಲೆ. ಒಂದಲ್ಲ, ಐದು ಮರಿ. ಪುಸ್ತಕದ ಹಾಳೆಗಳು ಒದ್ದೆಯಾಗಿದ್ದಕ್ಕೆ ಆಯಿ ಬೈದಿದ್ದೂ ಚೆನ್ನಾಗಿ ನೆನಪಿದೆ.

ಅದು ಕಾಡುಬಸಳೆ. ಮರಾಠಿಯವರು ಪಾನಫುಟಿ ಅಂತಾರೆ, ಅಂದರೆ ಎಲೆಯಿಂದ ಒಡೆಯುವುದು. ಸಂಸ್ಕೃತದ ಹೆಸರು ಪರ್ಣಬೀಜ. ಎಲ್ಲ ಭಾಷೆಯವರೂ ಕಂಡದ್ದು ಅದೇ ಒಂದು ಚಮತ್ಕಾರವನ್ನು.

ಅಮ್ಮಮ್ಮ ಹೋಗಿ ಒಂದೂವರೆ ವರ್ಷವಾಯಿತು. ಹೊನ್ನಾವರ ತಾಲೂಕಿನ ಆ ಮನೆಗೆ ಈಗ ಬೀಗ. ಮುಂದಿನ ಅಂಗಳ ಮೊದಲೇ ಹೆದ್ದಾರಿ ಅಗಲೀಕರಣಕ್ಕೆ ಹೋಗಿತ್ತು. ಉಳಿದದ್ದನ್ನು ಮಾರೋಣ ಅಂತ ಮಾವಂದಿರು ತೀರ್ಮಾನ ಮಾಡಿದ್ದಾರೆ, ಅವರನ್ನು ದೂರುವಂತಿಲ್ಲ, ಅಲ್ಲಿ ಇರುವವರು ಯಾರು? ಹೋದ ದೀಪಾವಳಿಗೆ ಎಲ್ಲರೂ ಸೇರಿ ಪಾತ್ರೆ ಪಗಡೆ ಹಂಚಿಕೊಂಡರು. ದೊಡ್ಡಮ್ಮನಿಗೆ ಹಿತ್ತಾಳೆ ಕೊಡಪಾನ, ಆಯಿಗೆ ಕಡೆಯುವ ಕಲ್ಲು. ನಾನು ಬಾವಿಕಟ್ಟೆ ಹತ್ತಿರ ಹೋಗಿ ನಾಲ್ಕು ಎಲೆ ಮುರಿದು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡೆ.

ಅಲ್ಲೇ ಶುರುವಾಯಿತು ಜಗಳ. "ನಮ್ಮ ಋಷಿಗಳು ಸಾವಿರಾರು ವರ್ಷದ ಹಿಂದೆ ಕಂಡುಹಿಡಿದ ಗಿಡ ಮಾರಾಯ, ಶಾಸ್ತ್ರದಲ್ಲೆಲ್ಲಾ ಇದೆ" ಅಂತ ದೊಡ್ಡ ಮಾವ. "ಇಲ್ಲ ಮಾವ, ಇದು ಮಡಗಾಸ್ಕರಿನದು ಅಂತ ಎಲ್ಲೋ ಓದಿದ್ದೆ" ಅಂತ ನಾನು. ಊಟದ ಪಂಕ್ತಿಯಲ್ಲಿ ಅರ್ಧ ಗಂಟೆ ನಡೆಯಿತು. ಗೆಲ್ಲಲಿಕ್ಕೆ ನನ್ನ ಹತ್ತಿರ ಪೂರ್ತಿ ಮಾಹಿತಿ ಇರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ವೀಕೆಂಡುಗಳಲ್ಲಿ ಕೂತು ಹುಡುಕಿದೆ. ಆ ಹುಡುಕಾಟವೇ ಇದು.

ಗಿಡದ ತವರು ಮಡಗಾಸ್ಕರ್, ಇದರಲ್ಲಿ ಸಸ್ಯಶಾಸ್ತ್ರಜ್ಞರಿಗೆ ಅನುಮಾನವಿಲ್ಲ. ಇದರ ನೆಂಟರಾದ ಕಲಾಂಚೋಗಳಲ್ಲಿ ಬಹಳಷ್ಟು ಇರುವುದು ಅಲ್ಲೇ. 1786ರಲ್ಲಿ ಫ್ರಾನ್ಸಿನ ಲಮಾರ್ಕ್ ಇದಕ್ಕೆ ಮೊದಲ ಶಾಸ್ತ್ರೀಯ ಹೆಸರಿಟ್ಟ. (ಜಿರಾಫೆಯ ಕುತ್ತಿಗೆ ಯಾಕೆ ಉದ್ದ ಅನ್ನೋ ಪಿಯುಸಿ ಪಾಠದ ಅದೇ ಲಮಾರ್ಕ್.) 1805ರಲ್ಲಿ ಲಂಡನ್ನಿನಲ್ಲಿ ಸಾಲಿಸ್ಬರಿ ಅನ್ನುವವನು ಬ್ರಯೋಫಿಲಮ್ ಅಂತ ಹೊಸ ಹೆಸರು ಕೊಟ್ಟ. ಗ್ರೀಕಿನಲ್ಲಿ ಮೊಳೆಯುವ ಎಲೆ ಅಂತ ಅರ್ಥ. ಪಾನಫುಟಿಯನ್ನೇ ಗ್ರೀಕಿಗೆ ಭಾಷಾಂತರ ಮಾಡಿದಂತಿದೆ!

ಭಾರತಕ್ಕೆ ಬಂದ ಕಥೆ ಇನ್ನೂ ಸ್ವಾರಸ್ಯ. ಕಲ್ಕತ್ತೆಯ ಕಂಪನಿ ತೋಟಕ್ಕೆ 1799ರಲ್ಲಿ ಮೊಲುಕ್ಕಾ ದ್ವೀಪಗಳ ಈ ಗಿಡವನ್ನು ತಲುಪಿಸಿದವಳು ಲೇಡಿ ಕ್ಲೈವ್ ಅಂತ ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳು ಬರೆಯುತ್ತವೆ. ಹೆನ್ರಿಯೆಟಾ ಕ್ಲೈವ್, ಪ್ಲಾಸಿಯ ರಾಬರ್ಟ್ ಕ್ಲೈವನ ಸೊಸೆ. ಅವಳ ಗಂಡ ಎಡ್ವರ್ಡ್ ಕ್ಲೈವ್ 1798ರಿಂದ 1803ರ ತನಕ ಮದ್ರಾಸಿನ ಗವರ್ನರ್. ಇವಳಿಗೋ ಗಿಡ, ಕಲ್ಲು, ಚಿಪ್ಪುಗಳನ್ನು ಕೂಡಿಡುವ ಹುಚ್ಚು. 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಗಂಡನನ್ನು ಮದ್ರಾಸಿನಲ್ಲೇ ಬಿಟ್ಟು, ಬೆಂಗಳೂರು ಶ್ರೀರಂಗಪಟ್ಟಣಗಳನ್ನೆಲ್ಲ ಸುತ್ತಿ ಬಂದಳು. ಟಿಪ್ಪು ಸತ್ತು ಆಗಿನ್ನೂ ವರ್ಷವಾಗಿತ್ತಷ್ಟೆ.

ಮಡಗಾಸ್ಕರಿನ ಗಿಡ ಮೊಲುಕ್ಕಾದಲ್ಲಿ ಏನು ಮಾಡುತ್ತಿತ್ತು? ಹಿಂದೂ ಮಹಾಸಾಗರದ ಹಡಗುಗಳ ಜೊತೆ ಅದು ಅಷ್ಟರೊಳಗೆ ಅಲ್ಲಿಗೂ ಹೋಗಿ ಬೇರುಬಿಟ್ಟಿತ್ತು. ಮೊಲುಕ್ಕಾ ಅಂದರೆ ಲವಂಗ, ಜಾಯಿಕಾಯಿಯ ದ್ವೀಪಗಳು. 1796ರಲ್ಲಿ ಇಂಗ್ಲಿಷರು ಅವನ್ನು ಡಚ್ಚರಿಂದ ಕಿತ್ತುಕೊಂಡರು. ಕಂಪನಿ ತಕ್ಷಣ ಕ್ರಿಸ್ಟೋಫರ್ ಸ್ಮಿತ್ ಅನ್ನುವ ತೋಟಗಾರಿಕೆ ಬಲ್ಲವನನ್ನು ಅಲ್ಲಿಗೆ ಕಳಿಸಿ ಲವಂಗ, ಜಾಯಿಕಾಯಿ ಸಸಿಗಳನ್ನು ಹಡಗುಗಟ್ಟಲೆ ಸಾಗಿಸಿತು. ಡಚ್ಚರು ನೂರೈವತ್ತು ವರ್ಷ ಕಾವಲು ಹಾಕಿ ಇಟ್ಟುಕೊಂಡಿದ್ದ ಗುಟ್ಟು ಅದು. ಆ ದೊಡ್ಡ ಲೂಟಿಯ ಕಾಲದಲ್ಲೇ ಈ ಕಾಸಿಗೆ ಬಾಳದ ಎಲೆಯೂ ಕಲ್ಕತ್ತೆಗೆ ಬಂತು. ಇವತ್ತು ಹೊನ್ನಾವರ, ಕುಮಟೆಯ ಅಡಿಕೆ ತೋಟಗಳಲ್ಲಿ ಜಾಯಿಕಾಯಿ ಮರ ನೋಡಿದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತೆ. ಮರದ ಬುಡದಲ್ಲಿ ಕಾಡುಬಸಳೆಯೂ ಇದ್ದರಂತೂ... ಹಳೇ ಊರಿನವರು ಹೊಸ ಊರಿನಲ್ಲಿ ಮತ್ತೆ ಅಕ್ಕಪಕ್ಕ ಮನೆ ಮಾಡಿದ ಹಾಗೆ!

ಇದೇ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಏನಾಗುತ್ತಿತ್ತು? 1799ರಲ್ಲಿ ಕೆನರಾ ಕಂಪನಿಯ ಕೈಗೆ ಹೋಗಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು, 1801ರ ಮೊದಲ ತಿಂಗಳುಗಳಲ್ಲಿ ಭಟ್ಕಳ, ಹೊನ್ನಾವರ ದಾಟಿ ಬಡಗಕ್ಕೆ ಹೋದ. ಎಲ್ಲಿ ಏನು ಬೆಳೀತಾರೆ, ಎಷ್ಟು ಬೀಜ ಬಿತ್ತುತ್ತಾರೆ, ಕಾಳುಮೆಣಸಿನ ಬಳ್ಳಿ ಹೇಗೆ ಹಬ್ಬಿಸುತ್ತಾರೆ, ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ನಮ್ಮೂರ ಹಿತ್ತಿಲುಗಳನ್ನು ನೋಡುತ್ತಾ ಹೋದಾಗ ಕಾಡುಬಸಳೆ ಕಲ್ಕತ್ತೆಗೆ ಬಂದು ಇನ್ನೂ ಎರಡೇ ವರ್ಷ. ಮುಂದೆ ಅದೇ ಬುಕಾನನ್ ಅದೇ ಕಲ್ಕತ್ತೆ ತೋಟದ ಮುಖ್ಯಸ್ಥನೂ ಆದ.

ಈಗ ನನಗೆ ಅತ್ಯಂತ ಇಷ್ಟವಾದ ಮನುಷ್ಯ: ಬೆಂಜಮಿನ್ ಹೇನ್. ಜರ್ಮನಿಯಿಂದ ತರಂಗಂಬಾಡಿಯ ಮಿಷನ್ನಿಗೆ ಬಂದವನು, ಆಮೇಲೆ ಕಂಪನಿಯ ನೌಕರಿ ಹಿಡಿದು, ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯ ಜೊತೆ ಸುತ್ತಿದ. ಟಿಪ್ಪುವಿನ ಕಾಲದ ನಂತರ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಳ್ಳುವ ಕೆಲಸವೂ ಇವನಿಗೇ ಬಂತು. ನಾವು ಆಗಸ್ಟ್ ಹದಿನೈದಕ್ಕೆ ಫ್ಲವರ್ ಶೋ ಅಂತ ಟ್ರಾಫಿಕ್ಕಿನಲ್ಲಿ ಒದ್ದಾಡಿ ಹೋಗುತ್ತೇವಲ್ಲ, ಅದೇ ಲಾಲ್‌ಬಾಗ್. ಈ ಹೇನ್ ಭಾರತದಲ್ಲಿದ್ದಾಗ ಕಾಡುಬಸಳೆಯ ಎಲೆಯನ್ನು ಜಗಿದು ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ! ಇದನ್ನು ಲಂಡನ್ನಿನ ಲಿನಿಯನ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ, 1815ರಲ್ಲಿ ಅದು ಅಚ್ಚಾಯಿತು. ನಾಲಿಗೆಯೇ ಅವನ ಲ್ಯಾಬು. ಇದರ ಪೂರ್ತಿ ಅರ್ಥ ಬಿಡಿಸಲು ವಿಜ್ಞಾನಿಗಳಿಗೆ ಇಪ್ಪತ್ತನೇ ಶತಮಾನದ ತನಕ ಬೇಕಾಯಿತು. ಸಾಮಾನ್ಯ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಇದು ನೀರು ಉಳಿಸಲಿಕ್ಕೆ ಹಗಲು ಬಾಗಿಲು ಹಾಕಿಕೊಂಡು ರಾತ್ರಿ ತೆರೆಯುತ್ತೆ. ರಾತ್ರಿ ಎಳೆದದ್ದನ್ನು ಮ್ಯಾಲಿಕ್ ಆಮ್ಲ ಮಾಡಿ ಕೂಡಿಡುತ್ತೆ, ಹಗಲು ಬಿಸಿಲು ಬಂದಾಗ ಅದನ್ನೇ ಒಡೆದು ಅಡುಗೆ ಮಾಡಿಕೊಳ್ಳುತ್ತೆ. ಅದಕ್ಕೇ ಬೆಳಗಿನ ಹುಳಿ. ನೈಟ್ ಶಿಫ್ಟಿನ ಗಿಡ ಅಂತ ನಮ್ಮ ಟೀಮಿನಲ್ಲಿ ಹೇಳಿದೆ, ಯಾರೂ ನಗಲಿಲ್ಲ.

ನಾನೂ ಬಾಲ್ಕನಿಯಲ್ಲಿ ಉಗುರಿನಷ್ಟು ತುಂಡು ಕಚ್ಚಿ ನೋಡಿದೆ. ಏಳು ಗಂಟೆಗೆ ನಿಜಕ್ಕೂ ಹುಳಿ, ಪುಳ್ಳಂಪುರಚಿ ಸೊಪ್ಪಿನ ಹಾಗೆ. ಮಧ್ಯಾಹ್ನ ಏನೂ ಇಲ್ಲ. ಇನ್ನೂರು ವರ್ಷದ ಹಿಂದಿನ ಮನುಷ್ಯನೊಬ್ಬನ ಬಾಯಿರುಚಿ ನನ್ನ ಬಾಯಲ್ಲೂ ಬಂದದ್ದು ಒಂಥರಾ ರೋಮಾಂಚನ. ಆದರೆ ನೀವು ಹೆಚ್ಚು ತಿನ್ನಬೇಡಿ. ಈ ಗಿಡದಲ್ಲಿ ಹೃದಯದ ಮೇಲೆ ಪರಿಣಾಮ ಮಾಡುವ ವಿಷಗಳಿವೆ, ಆಸ್ಟ್ರೇಲಿಯಾದಲ್ಲಿ ಇದನ್ನು ಮೇದ ದನಗಳು ಸತ್ತಿವೆ. ಮೂತ್ರಕೋಶದ ಕಲ್ಲಿಗೆ ಮದ್ದು ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ. ಮಾವ ಹೇಳಿದ ಶಾಸ್ತ್ರದ ಪಾಷಾಣಭೇದ ಹೆಚ್ಚಾಗಿ ಹಿಮಾಲಯದ ಬೇರೊಂದು ಗಿಡ, ಬರ್ಜೀನಿಯಾ. ಅದು ಸಿಗದ ಕಡೆ ಆ ಹೆಸರಿನಲ್ಲಿ ಬೇರೆ ಬೇರೆ ಗಿಡ ಬಳಕೆಗೆ ಬಂದವು, ಕಾಡುಬಸಳೆಯೂ ಅವುಗಳಲ್ಲೊಂದು. ಹೆಸರು ಹಳೆಯದು, ಗಿಡ ಹೊಸದು. ಸಾಫ್ಟ್‌ವೇರಿನಲ್ಲೂ ಹೀಗಾಗುತ್ತೆ, ಫೋಲ್ಡರಿನ ಹೆಸರು ಹಳೆಯದೇ, ಒಳಗಿನ ಫೈಲು ಬೇರೆ.

ಯುರೋಪಿಗೆ ಹೋದ ಕಾಡುಬಸಳೆ ಕವಿ ಗಯಟೆಯ ಕಿಟಕಿಯಲ್ಲಿ ಕೂತಿತು. ಎಲೆಯೇ ಗಿಡದ ಮೂಲರೂಪ, ಹೂವು ಕಾಯಿಗಳೆಲ್ಲ ಅದರದೇ ವೇಷ ಅಂತ 1790ರಲ್ಲೇ ಪುಸ್ತಕ ಬರೆದಿದ್ದವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಗೆಳೆಯರಿಗೆಲ್ಲ ಎಲೆ ಹಂಚಿದ. 1826ರಲ್ಲಿ ತಾನು ಪ್ರೀತಿಸುತ್ತಿದ್ದ ಮರಿಯಾನೆ ಫಾನ್ ವಿಲ್ಲೆಮರ್‌ಗೆ ಪದ್ಯದ ಜೊತೆ ಎಲೆಯನ್ನೂ ಕಳಿಸಿದ. ಜರ್ಮನಿಯಲ್ಲಿ ಇದಕ್ಕೆ ಈಗಲೂ ಗಯಟೆ ಗಿಡ ಅಂತ ಹೆಸರಿದೆ. ಅವನದು ಪ್ರೇಮ, ಅಮ್ಮಮ್ಮನದು ಮೊಮ್ಮಗನ ಅಳು ನಿಲ್ಲಿಸುವ ಉಪಾಯ.

ನನ್ನಂಥ ಇಂಜಿನಿಯರಿಗೆ ಗಯಟೆಗಿಂತ ಜಾಕ್ ಲೋಬ್ ಹತ್ತಿರದವನು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಈತ 1915ರ ಸುಮಾರಿನಿಂದ ಸಾಯುವ ತನಕ, ಅಂದರೆ 1924ರವರೆಗೆ, ಕಾಡುಬಸಳೆಯ ಎಲೆ ತೂಗುತ್ತಾ ಕೂತ. ಅವನ ಪ್ರಶ್ನೆ ಸರಳ: ಗಿಡದಲ್ಲಿದ್ದಾಗ ಸುಮ್ಮನಿರುವ ಎಲೆ ಮುರಿದ ಕೂಡಲೆ ಯಾಕೆ ಮರಿ ಹಾಕುತ್ತೆ? ಅವನು ಕಂಡುಕೊಂಡದ್ದು ಲೆಕ್ಕ. ಒಂದೇ ತೂಕದ ಎಲೆಗಳು, ಒಂದೇ ಪರಿಸ್ಥಿತಿಯಲ್ಲಿ, ಒಂದೇ ಅವಧಿಯಲ್ಲಿ ಹೆಚ್ಚುಕಡಿಮೆ ಒಂದೇ ತೂಕದ ಮರಿ ಕೊಡುತ್ತವೆ. ಮರಿಗಳ ಸಂಖ್ಯೆ ಎಷ್ಟೇ ಇರಲಿ, ಒಟ್ಟು ತೂಕ ಎಲೆಯ ತೂಕಕ್ಕೆ ತಕ್ಕಂತೆ. ಮೊದಲು ಚಿಗುರುವ ಮರಿ ಉಳಿದ ಕಚ್ಚುಗಳ ಪಾಲನ್ನೂ ಎಳೆದುಕೊಳ್ಳುತ್ತೆ, ಅವು ಸುಮ್ಮನಾಗುತ್ತವೆ. ಆದರೆ ಎಲೆಯನ್ನು ತುಂಡು ತುಂಡು ಮಾಡಿದರೆ ಪ್ರತೀ ಕಚ್ಚೂ ಎದ್ದು ಕೂರುತ್ತೆ.

ಇದನ್ನು ಮನೆಯಲ್ಲೇ ಮಾಡಬಹುದು ಅನ್ನಿಸಿ ಊರಿಂದ ತಂದ ನಾಲ್ಕು ಎಲೆಗಳಲ್ಲಿ ಒಂದನ್ನು ಇಡಿಯಾಗಿ ಬಿಟ್ಟೆ, ಇನ್ನೊಂದನ್ನು ಕಚ್ಚಿಗೊಂದರಂತೆ ಕತ್ತರಿಸಿ ಒದ್ದೆ ಬಟ್ಟೆಯ ಮೇಲೆ ಹರವಿದೆ. ಇಡೀ ಎಲೆ ಮೂರು ಮರಿ ಹಾಕಿತು, ಗಟ್ಟಿಮುಟ್ಟಾದವು. ಕತ್ತರಿಸಿದ್ದು ಒಂಬತ್ತು ಹಾಕಿತು, ಎಲ್ಲವೂ ಪೀಚು. ತೂಗಲಿಕ್ಕೆ ಅಡುಗೆಮನೆಯ ತಕ್ಕಡಿ ಸಾಕಾಗಲಿಲ್ಲ, ಅದು ಒಂದು ಗ್ರಾಮಿನ ಕೆಳಗೆ ಬರೀ ಸೊನ್ನೆ ತೋರಿಸುತ್ತೆ. ಆದರೂ ಕಣ್ಣಿಗೇ ಕಾಣುತ್ತಿತ್ತು, ಲೋಬ್ ಸುಳ್ಳು ಹೇಳಿಲ್ಲ. ಮೂರನೇ ಎಲೆಯನ್ನು ದಾರ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿದ್ದೆ, ಅಮ್ಮಮ್ಮ ಅಟ್ಟದ ತೊಲೆಗೆ ಹಾಕುತ್ತಿದ್ದ ಹಾಗೆ. ಅದು ತಡವಾಗಿ, ಆದರೆ ಯಾವ ನೀರೂ ಇಲ್ಲದೆ, ಎರಡು ಮರಿ ಹಾಕಿತು. ನಾಲ್ಕನೆಯದು ಕೊಳೆಯಿತು. ಪ್ರೀತಿಯಿಂದ ದಿನಾ ನೀರು ಹಾಕಿದ್ದು ಅದೊಂದಕ್ಕೇ.

ಕೊಳೆಯ ಬಗ್ಗೆ ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ. ಆಷಾಢದಲ್ಲಿ ಅಡಿಕೆಗೇ ಕೊಳೆ ಬರುವಾಗ ಎಲೆ ತುಂಡಿನ ಪಾಡೇನು? ಅಮ್ಮಮ್ಮ ಎಲೆ ಊರುತ್ತಿದ್ದದ್ದು ನವರಾತ್ರಿ ಕಳೆದ ಮೇಲೆ. ಮುರಿದ ಎಲೆಯನ್ನು ಒಂದೆರಡು ದಿನ ನೆರಳಲ್ಲಿ ಒಣಗಲು ಬಿಟ್ಟು, ಗಾಯ ಮಾಗಿದ ಮೇಲೆ, ಮರಳು ಬೆರೆಸಿದ ಮಣ್ಣಿನ ಮೇಲೆ ಸುಮ್ಮನೆ ಮಲಗಿಸುತ್ತಿದ್ದಳು. ಹೂಳುತ್ತಿರಲಿಲ್ಲ.

ಎಲ್ಲ ಎಲೆಯೂ ಹೀಗಲ್ಲ, ಇಲ್ಲೇ ಸಾಕಷ್ಟು ಜನ ಮೋಸ ಹೋಗುವುದು. ಕಾಡುಬಸಳೆಯ ಪ್ರತೀ ಕಚ್ಚಿನಲ್ಲೂ ಭ್ರೂಣದಂಥ ಮೊಳಕೆ ಮೊದಲೇ ತಯಾರಾಗಿ ಮಲಗಿರುತ್ತೆ. ಬೆಗೋನಿಯಾದಲ್ಲಿ, ಆಫ್ರಿಕನ್ ವಯಲೆಟ್‌ನಲ್ಲಿ ಅಂಥ ಸಿದ್ಧ ಮೊಳಕೆ ಇಲ್ಲ, ಗಾಯದ ಹತ್ತಿರದ ಸಾಮಾನ್ಯ ಜೀವಕೋಶಗಳೇ ತಮ್ಮ ಹಳೇ ಕೆಲಸ ಬಿಟ್ಟು ಮೊದಲಿಂದ ಶುರುಮಾಡುತ್ತವೆ. 1850ರ ದಶಕದಲ್ಲಿ ಅಸ್ಸಾಮಿನ ಆರ್ಕಿಡ್‌ಗಳ ಜೊತೆ ಅಕಸ್ಮಾತ್ತಾಗಿ ಲಂಡನ್ನಿಗೆ ಹೋದ ರೆಕ್ಸ್ ಬೆಗೋನಿಯಾ ಯುರೋಪಿನ ಮನೆಮನೆ ಸೇರಿದ್ದು ಹೀಗೇ, ಎಲೆಯ ತುಂಡುಗಳಿಂದ. ಮನಿ ಪ್ಲಾಂಟಿನ ಬರೀ ಎಲೆ ನೀರಲ್ಲಿಟ್ಟರೆ ಬೇರು ಬರುತ್ತೆ, ಚಿಗುರು ಬರಲ್ಲ. ಗೆಣ್ಣು ಬೇಕೇ ಬೇಕು. ಪ್ರೇಮಿಗಳ ದಿನಕ್ಕೆ ಹೃದಯದಾಕಾರದ ಒಂದೇ ಎಲೆ ನೆಟ್ಟ ಕುಂಡ ಮಾರುತ್ತಾರಲ್ಲ, ಹೋಯಾ, ಅದೂ ಹೆಚ್ಚಾಗಿ ಹಾಗೇ. ನನ್ನ ಆಫೀಸ್ ಡೆಸ್ಕಿನಲ್ಲಿ ಒಂದಿದೆ. ಮೂರು ವರ್ಷದಿಂದ ಹಸಿರಾಗೇ ಇದೆ, ಬೆಳೆದಿಲ್ಲ. ಕೊಟ್ಟವಳಿಗೆ ಮದುವೆಯಾಗಿದೆ. ಹೋಗಲಿ ಬಿಡಿ.

ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಕಥೆಯನ್ನೂ ಹೇಳಿಬಿಡುತ್ತೇನೆ. ಕುಮಟೆಯಲ್ಲಿ ಆಯಿ ಅದರ ಎಲೆ ತುಂಡು ಮಾಡಿ ನೆಟ್ಟಳು, ಹುಟ್ಟಿದ್ದೆಲ್ಲ ಬರೀ ಹಸಿರು. ಗಿಡ ಕೊಟ್ಟವರ ಮೇಲೆ ಗುಮಾನಿ! ತಪ್ಪು ಅವರದ್ದಲ್ಲ. ಆ ಎಲೆ ಎರಡು ಬಗೆಯ ಜೀವಕೋಶಗಳ ಕೂಡುಕುಟುಂಬ. ಎಲೆ ತುಂಡಿನಿಂದ ಹೊಸ ಗಿಡ ಏಳುವುದು ಒಳಗಿನ ಹಸಿರು ಕೋಶಗಳಿಂದ, ಹಳದಿಯವರು ಹಿಂದೆಯೇ ಉಳಿಯುತ್ತಾರೆ. ಹಳದಿ ಬೇಕೆಂದರೆ ಗಡ್ಡೆ ಸೀಳಿಯೇ ನೆಡಬೇಕು.

ಬಿತ್ತದೆ ಬೆಳೆಸುವುದು ನಮ್ಮ ಕಡೆ ಹೊಸದೇನಲ್ಲ ಅನ್ನೋದನ್ನು ಮರೆಯಬಾರದು. ಪೋರ್ಚುಗೀಜರು ಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಸಂಪತ್ತೆಲ್ಲ ಕಾಳುಮೆಣಸಿನದು, ಒಳ್ಳೆ ಬಳ್ಳಿಯ ತುಂಡು ನೆಟ್ಟರೇ ಒಳ್ಳೆ ಬಳ್ಳಿ ಅಂತ ತೋಟದವರಿಗೆ ಗೊತ್ತಿತ್ತು. ವೀಳ್ಯದೆಲೆ ಹಬ್ಬುವುದೂ ತುಂಡಿನಿಂದಲೇ, ಚಪ್ಪರದ ಬಸಳೆಯೂ ದಂಟಿನಿಂದಲೇ. ಬಸಳೆ ದಂಟು ಕೊಡದ ನೆರೆಮನೆ ನಮ್ಮ ಕಡೆ ಉಂಟೇ? ಹಾಗಿರುವಾಗ ಎಲೆಯೊಂದೇ ಸಾಕು ಅನ್ನುವ ಗಿಡ ಬಂದರೆ ಅದು ಹಿತ್ತಿಲಿಂದ ಹಿತ್ತಿಲಿಗೆ ಹೋಗಲು ಎಷ್ಟು ಹೊತ್ತು? ಅದರ ಹೆಸರೇ ನೋಡಿ, ಗೊತ್ತಿದ್ದ ಬಸಳೆಗೆ ಕಾಡು ಸೇರಿಸಿ ಕರೆದುಬಿಟ್ಟರು. ಬಸಳೆಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

2007ರಲ್ಲಿ ಇದರ ಸೋದರ ಜಾತಿಯೊಂದರ ಜೀನುಗಳ ಅಧ್ಯಯನ ಬಂತು. ಎಲೆ ಗಿಡದಲ್ಲಿರುವಾಗಲೇ ಅಂಚಿನ ತುಂಬ ಮರಿ ಹೊತ್ತು ನಿಲ್ಲುತ್ತಲ್ಲ, ಆ ಜಾತಿ. ಬೀಜದೊಳಗೆ ಭ್ರೂಣ ಮಾಡುವ ಕಾರ್ಯಕ್ರಮವನ್ನೇ ಅದು ಎಲೆಯಲ್ಲಿ ಓಡಿಸುತ್ತಿದೆಯಂತೆ, ಈ ನಡುವೆ ಬೀಜಕ್ಕೆ ಬೇಕಾದ ಒಂದು ಜೀನು ಮೊಟಕಾಗಿ, ಮೊಳೆಯುವ ಬೀಜ ಮಾಡುವುದನ್ನೇ ಮರೆತಿದೆ. ನಮ್ಮ ಕೋಡಿನಲ್ಲಿ ಒಂದು ಫಂಕ್ಷನ್ ಎತ್ತಿ ಬೇರೆ ಕಡೆ ಅಂಟಿಸಿದರೆ ಮೂಲ ಜಾಗದಲ್ಲಿ ಏನೋ ಮುರಿಯುತ್ತದಲ್ಲ, ಥೇಟ್ ಹಾಗೆ.

ಮಡಗಾಸ್ಕರ್ ವಿಷಯವನ್ನು ಅಮ್ಮಮ್ಮನಿಗೆ ಒಮ್ಮೆ ಹೇಳಿದ್ದೆ, ಇಂಜಿನಿಯರಿಂಗ್ ಓದುವಾಗ, ಅರ್ಧಂಬರ್ಧ ಓದಿಕೊಂಡು. ಮಡಗಾಸ್ಕರ್ ಎಲ್ಲಿ ಅಂತ ಕೇಳಿದಳು. ಸಮುದ್ರದ ಆಚೆ, ಆಫ್ರಿಕಾದ ಹತ್ತಿರ ಅಂದೆ. ಕೈಯಲ್ಲಿದ್ದ ಅಡಿಕೆ ಹೋಳು ಬಿಡದೆ ಹೇಳಿದಳು, "ಯಂಗೆ ಆಯಿ ಕೊಟ್ಟಿದ್ದು. ಭಟ್ಕಳದಿಂದ ಬಪ್ಪಕಾರೆ ಟ್ರಂಕಿನಲ್ಲಿ ಹಾಕ್ಯಂಡು ಬಂದಿದ್ದಿ." ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಇಟ್ಟುಕೊಂಡು ಬಂದ ಎಲೆ ಅದು. ಹೊಳೆಗಳಿಗೆ ಸೇತುವೆ ಇಲ್ಲದ ಕಾಲ, ಶರಾವತಿಯನ್ನು ದೋಣಿಯಲ್ಲಿ ದಾಟಿ ಬಂದಿದ್ದಳು. ಅದೇ ಎಲೆಯ ಮಕ್ಕಳನ್ನು ಆಯಿ ಕುಮಟೆಗೆ ತಂದಳು, ಈಗಲೂ ನಮ್ಮ ಬಚ್ಚಲಿನ ಹಿಂದೆ ಇದೆ. ಬೀಜದಿಂದ ಹುಟ್ಟಿದ್ದಾದರೆ ಮಗಳು, ಮೊಮ್ಮಗಳು ಅನ್ನಬಹುದಿತ್ತು. ಇವು ಹಾಗಲ್ಲ. ಭಟ್ಕಳದ್ದು, ಹೊನ್ನಾವರದ್ದು, ಕುಮಟೆಯದ್ದು, ಈಗ ನನ್ನ ಬಾಲ್ಕನಿಯದ್ದು, ಎಲ್ಲ ಒಂದೇ ಗಿಡ.

ಮಾವನಿಗೆ ಮೊನ್ನೆ ಫೋನ್ ಮಾಡಿ 1799, ಲೇಡಿ ಕ್ಲೈವ್, ಮೊಲುಕ್ಕಾ ಎಲ್ಲ ಒದರಿದೆ. ಪೂರ್ತಿ ಕೇಳಿಸಿಕೊಂಡರು. ಒಪ್ಪಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆ ಕೊಳ್ಳುವವರು ಮುಂದಿನ ತಿಂಗಳು ಬಾವಿ ಮುಚ್ಚುತ್ತಾರೆ, ನಿನ್ನ ಹತ್ತಿರ ಅದು ಚಿಗುರಿದೆಯೇನೋ ಅಂತ ಕೇಳಿದರು. ಚಿಗುರಿದೆ ಅಂದೆ. "ಹಂಗಾರೆ ಬಪ್ಪಕಾರೆ ಯಂಗೂ ಒಂದು ಎಲೆ ತಗಂಡು ಬಾ" ಅಂದರು.

ಯುಗಾದಿಗೆ ಹೋಗುವಾಗ ಎರಡು ಎಲೆ ಒಯ್ಯುತ್ತಿದ್ದೇನೆ. ಒಂದು ಬಸ್ಸಿನಲ್ಲಿ ಜಜ್ಜಿಹೋದರೂ ಇನ್ನೊಂದು ಇರಲಿ ಅಂತ.